ನೂರಕ್ಕೆ ನಾಲ್ಕಿದ್ದದ್ದು ಎಂಟಾದ ಊರು

ಕಳೆದ ಸಲ ನಿಮ್ಮ ಬೀದಿಯಲ್ಲಿ ಅರವತ್ತೈದರ ಗಂಡಸೊಬ್ಬ ತೀರಿಕೊಂಡಾಗ, ‘ಆಯ್ತು ಬಿಡಿ, ವಯಸ್ಸಾಗಿತ್ತು’ ಎಂದು ಹೇಳಿ, ಕೈಕಾಲು ತೊಳೆದುಕೊಂಡು ಮನೆಗೆ ನಡೆದವರಲ್ಲಿ ನೀವೂ ಒಬ್ಬರಲ್ಲವೇ? ಅದನ್ನು ಸಮಾಧಾನದ ಮಾತೆಂದು ನೀವು ತಿಳಿದಿರಬಹುದು. ಅದು ಸಮಾಧಾನವಲ್ಲ, ವಿಚಾರಣೆಯನ್ನು ನಡೆಸದೆಯೇ ಮುಗಿಸಿಬಿಡುವ ಮಾತು. ಇಪ್ಪತ್ತು ವರ್ಷದವನು ಸತ್ತರೆ ಹೇಗೆ ಸತ್ತ, ಯಾತಕ್ಕೆ ಸತ್ತ ಎಂದು ಊರಿಗೆ ಊರೇ ಕೇಳುತ್ತದೆ. ತಲೆ ನರೆತವನು ಸತ್ತರೆ ಯಾರೂ ಏನನ್ನೂ ಕೇಳುವುದಿಲ್ಲ.

ಗಂಡಸಿ ಹೋಬಳಿಯ ಕೆಂಗಲ್ಲಾಪುರದ ಕರಿಬಸವಯ್ಯನೂ ಕೇಳಿದವನಲ್ಲ. ಎಲ್ಲರಿಗಿಂತ ಮೊದಲು ಕೇಳಬೇಕಾಗಿದ್ದವನೇ ಅವನು. ಏಕೆಂದರೆ ಆ ಊರಿನ ಯಾವ ಕೇರಿಯಲ್ಲಿ ಸಾವಾದರೂ ಬಿದಿರು ಸೀಳಲು ಅವನೇ ಬರಬೇಕು. ಶಿವಭಕ್ತರ ಮನೆಗಳಿಗೆ, ಸತ್ತವರನ್ನು ಕೂರಿಸಿ ಹೊತ್ತೊಯ್ಯುವ ವಿಮಾನ. ಮಿಕ್ಕವರಿಗೆ, ಮಲಗಿಸಿ ಒಯ್ಯುವ ಚಟ್ಟ. ಮೂವತ್ತೈದು ವರ್ಷಗಳಿಂದ ಇದನ್ನು ಅವನು ಸೇವೆಯೆಂದೇ ಮಾಡಿಕೊಂಡು ಬಂದಿದ್ದ. ಮೊಳ ಹಾಕಿ ಅಳೆಯುವ ಅಭ್ಯಾಸವೇ ಅವನಿಗಿರಲಿಲ್ಲ. ಬಾಗಿಲಲ್ಲಿ ನಿಂತು ಒಮ್ಮೆ ನೋಡಿದರೆ ಸಾಕು, ಪೀಠ ಎಷ್ಟಗಲ ಬೇಕು, ಬೆನ್ನಿನ ಗಳ ಎಷ್ಟೆತ್ತರ ಬೇಕು ಎಂಬುದು ಕಣ್ಣಿಗೇ ತಿಳಿಯುತ್ತಿತ್ತು. ಬದುಕಿರುವವರನ್ನೂ ಹಾಗೆಯೇ ನೋಡಿ ನಗೆಯಾಡುವ ಚಪಲ ಅವನದು. ಆ ಚಪಲ ಒಂದು ಮನೆಯನ್ನು ಕೆಡಿಸಿದ ಬಗೆಯನ್ನೇ ಇಲ್ಲಿ ಹೇಳಹೊರಟಿರುವುದು.

ಕರಿಬಸವಯ್ಯನ ಅಕ್ಕ ಶಿವಗಂಗಮ್ಮನನ್ನು ಅದೇ ಊರಿನ ತೆಂಗಿನ ಬೆಳೆಗಾರ ಜಯದೇವಪ್ಪನಿಗೆ ಕೊಟ್ಟಿತ್ತು. ಜಯದೇವಪ್ಪನಿಗೆ ಅರವತ್ತೇಳು ವರ್ಷ. ಏಣಿ ಹತ್ತಿ ಅಟ್ಟದ ಕೊಬ್ಬರಿಯನ್ನು ತಾನೇ ಕೆಳಗಿಳಿಸುವಷ್ಟು ಗಟ್ಟಿ ಆಳು. ಪ್ರತಿ ಗುರುವಾರ ಅಂಗನವಾಡಿಯ ಜಗಲಿಯ ಮೇಲೆ ಹೆಂಗಸರ ಸಂಘದ ಸಭೆ ಸೇರುತ್ತಿತ್ತು. ಊರಿನ ಆಶಾ ಕಾರ್ಯಕರ್ತೆ ಶರ್ಮಿಳಾ ಅಲ್ಲಿಗೆ ರಕ್ತದೊತ್ತಡ ನೋಡುವ ಯಂತ್ರವನ್ನು ತಂದಿಟ್ಟುಕೊಂಡು, ಬಂದವರೆಲ್ಲರ ತೋಳಿಗೂ ಪಟ್ಟಿ ಸುತ್ತಿ ನೋಡುತ್ತಿದ್ದಳು. ಗಂಡಸರೂ ಬರಬಹುದೆಂದು ಅವಳು ಡಂಗುರ ಸಾರಿಸಿದ್ದಳು. ಆದರೆ ಜಗಲಿಯ ತುಂಬ ಸೀರೆಯ ಸೆರಗುಗಳೇ ಇದ್ದುದರಿಂದ ಯಾವ ಗಂಡಸೂ ಆ ಕಡೆ ತಲೆ ಹಾಕುತ್ತಿರಲಿಲ್ಲ. ಒಂದು ಗುರುವಾರ ಶಿವಗಂಗಮ್ಮ ಗಂಡನ ಕೈ ಹಿಡಿದು ಎಳೆದುಕೊಂಡೇ ಹೋದಳು. ಶರ್ಮಿಳಾ ಒಂದು ಸಲ ನೋಡಿದಳು, ಸ್ವಲ್ಪ ಹೊತ್ತು ಕೂರಿಸಿ ಇನ್ನೊಂದು ಸಲ ನೋಡಿದಳು. ಅವಳ ಮುಖ ಗಂಭೀರವಾಯಿತು. ಮರುದಿನವೇ ಅವನನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ವೈದ್ಯರಿಗೆ ತೋರಿಸಿದಳು. ದಿನಕ್ಕೊಂದು ಮಾತ್ರೆ, ತಪ್ಪದೆ, ಬಿಡದೆ ತೆಗೆದುಕೊಳ್ಳಬೇಕೆಂದು ವೈದ್ಯರು ಬರೆದುಕೊಟ್ಟರು.

ಜಯದೇವಪ್ಪ ಇಪ್ಪತ್ತು ದಿನ ತೆಗೆದುಕೊಂಡ. ಇಪ್ಪತ್ತೊಂದನೆಯ ದಿನ ಅವನ ಅಂಗಳದಲ್ಲಿ ಕಾಯಿ ಸುಲಿಯುವ ಕೆಲಸ ನಡೆದಿತ್ತು. ನಾಲ್ಕಾರು ಜನ ಸೇರಿದ್ದರು. ಕರಿಬಸವಯ್ಯ ಬಂದು ಮಟ್ಟೆಯ ರಾಶಿಯ ಮೇಲೆ ಕೂತ.

“ಏನ್ ಭಾವ, ಹೆಂಗಸ್ರ ಸಂಘಕ್ಕೆ ಸೇರ್ಕಂಡ್ರಂತೆ? ಸೀರೆ ಯಾವಾಗ ಉಡ್ತೀರಿ?”

ಸುಲಿಯುವವರು ಕೆಲಸ ನಿಲ್ಲಿಸಿ ನಕ್ಕರು.

“ನಿಮ್ಮಕ್ಕ ಬಿಡಬೇಕಲ್ಲಯ್ಯ,” ಎಂದ ಜಯದೇವಪ್ಪ ತಾನೂ ನಗುತ್ತ. “ಮೇಲಿಂದು ನೂರಾ ತೊಂಬತ್ತು, ಕೆಳಗಿಂದು ನೂರಾ ಹತ್ತು ಅಂತು ಆ ಮಿಷನ್ನು. ಡಾಕ್ಟ್ರು ಮಾತ್ರೆ ಕೊಟ್ಟವ್ರೆ.”

“ತಲೆ ಸುತ್ತುತೈತಾ?”

“ಇಲ್ಲ.”

“ಎದೆ ನೋವು?”

“ಅದೂ ಇಲ್ಲ. ನಿನ್ನೆ ಅಟ್ಟದಿಂದ ಕೊಬ್ಬರಿ ಇಳಿಸ್ದೋನು ನಾನೇ ಅಲ್ವ.”

“ಮತ್ಯಾವ ಸೀಮೆ ಕಾಯಿಲೆ ಭಾವ ಅದು! ಇರೋನ್ಗೆ ಗೊತ್ತಿಲ್ಲ, ಮಿಷನ್ನಿಗೆ ಗೊತ್ತಾ?” ಕರಿಬಸವಯ್ಯ ಮಿಕ್ಕವರ ಕಡೆ ತಿರುಗಿ ಕಣ್ಣು ಮಿಟುಕಿಸಿದ. “ಆ ಮಾತ್ರೆ ಒಂದ್ಸಲ ಹಿಡದ್ರೆ ಸಾಯೋಗಂಟ ಬಿಡಂಗಿಲ್ವಂತೆ. ತ್ವಾಟದಾಗೆ ಇನ್ನೂರು ಮರ ಇಟ್ಕಂಡು ಮಾತ್ರೆ ನುಂಗ್ತೀರಲ್ಲ, ನಾಚ್ಕೆ ಆಗಲ್ವ? ಬೆಳಗ್ಗೆ ಎದ್ದು ಒಂದು ಎಳನೀರು ಕುಡೀರಿ, ಬಿ.ಪಿ. ತಾನಾಗೇ ಇಳೀತದೆ. ಮಾತ್ರೆ ಎತ್ತಿಡ್ರಿ. ತಲೆ ಸುತ್ತಿದ್ ದಿನ ನುಂಗಿದ್ರಾಯ್ತು.”

ಜಯದೇವಪ್ಪನಿಗೂ ಆ ಮಾತು ರುಚಿಸಿತು. ಅವನು ಪಕ್ಕದಲ್ಲಿದ್ದ ಒಣಗಾಯಿಯೊಂದನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸಿದ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಸದ್ದು ಮಾಡಿತು.

“ನೋಡು, ಇದು ಆಗೈತೆ ಅಂತ ಒಡೀದೇ ಹೇಳ್ತೀನಿ. ಐವತ್ತು ವರ್ಸ ಕಾಯಿ ಅಲ್ಲಾಡ್ಸಿರೋ ಕೈ ಇದು. ನನ್ ಮೈಯೊಳಗೆ ಏನಾಗೈತೆ ಅಂತ ನಂಗೆ ಗೊತ್ತಾಗಲ್ವ?”

“ನಿಮ್ ಮೈ ನಂಗೂ ಗೊತ್ತು ಬಿಡಿ,” ಎಂದ ಕರಿಬಸವಯ್ಯ. “ಪೀಠಕ್ಕೆ ಎರಡಡಿ ಗಳ ಬೇಕು. ಆದ್ರೆ ಇನ್ನೂ ಇಪ್ಪತ್ ವರ್ಸ ಆ ಬಿದ್ರು ಕಡಿಯಂಗಿಲ್ಲ!”

ಮತ್ತೊಮ್ಮೆ ನಗು ಎದ್ದಿತು. ಆ ದಿನದಿಂದ ಜಯದೇವಪ್ಪ ಮಾತ್ರೆಗಳನ್ನು ಕೊಬ್ಬರಿಯ ಅಟ್ಟದ ಗೂಡಿನಲ್ಲಿ ಎತ್ತಿಟ್ಟು, ಎಳನೀರು ಕುಡಿಯತೊಡಗಿದ. ಹೆಂಡತಿ ಕೇಳಿದರೆ “ನುಂಗಿದೆ ಕಣೇ” ಎನ್ನುತ್ತಿದ್ದ, ಕರಿಬಸವಯ್ಯನಿಗೆ ಮಾತ್ರ ನಿಜ ಹೇಳಿ ನಗುತ್ತಿದ್ದ. ಒತ್ತಡ ಏರಿದ್ದರೂ ಮೈ ಸದ್ದು ಮಾಡುವುದಿಲ್ಲ ಎಂಬುದನ್ನು ಅವನಿಗೆ ಹೇಳುವವರು ಆ ಅಂಗಳದಲ್ಲಿ ಒಬ್ಬರೂ ಇರಲಿಲ್ಲ.

ಎರಡು ತಿಂಗಳಾದ ಮೇಲೆ, ಒಂದು ಮಂಗಳವಾರ ಮಧ್ಯಾಹ್ನ, ಶರ್ಮಿಳಾ ಒಂದು ನೋಟುಬುಕ್ಕನ್ನೂ ಎರಡು ಮತದಾರರ ಪಟ್ಟಿಗಳನ್ನೂ ಹಿಡಿದುಕೊಂಡು ಕರಿಬಸವಯ್ಯನ ಮನೆಗೆ ಬಂದಳು. ಒಂದು ಪಟ್ಟಿ ಈಗಿನದು. ಇನ್ನೊಂದು, ಶಾಲೆಯ ಬೀರುವಿನಲ್ಲಿ ಉಳಿದಿದ್ದ ಹದಿನೈದು ವರ್ಷ ಹಿಂದಿನದು.

“ಮಾವ, ನಿಮ್ಮಿಂದ ಒಂದು ಸಹಾಯ ಆಗಬೇಕು. ನೀವು ಯಾರ್ಯಾರಿಗೆ ವಿಮಾನ ಕಟ್ಟಿದಿರಿ, ಯಾರ್ಯಾರಿಗೆ ಚಟ್ಟ ಕಟ್ಟಿದಿರಿ, ನೆನಪಿದೆಯಾ?”

“ಹೆಣ ಲೆಕ್ಕ ಹಾಕೋಕ್ ಬಂದಿದ್ದೀಯೇನವ್ವ? ಪಂಚಾಯ್ತಿಯಾಗೆ ಬರ್ದಿರ್ತಾರಲ್ಲ.”

“ಬರೆದಿದ್ದಾರೆ. ಎಲ್ಲರದ್ದೂ ಒಂದೇ ಕಾರಣ: ವಯಸ್ಸು. ಮನೆಯವರು ಹೇಳಿದ್ದನ್ನ ಬರೆದುಕೊಳ್ತಾರೆ. ಕೆಲವರ ಹೆಸರೇ ಸೇರಿಲ್ಲ. ನಿಮಗಾದರೆ ಒಬ್ಬೊಬ್ಬರೂ ಗೊತ್ತು.”

ಕರಿಬಸವಯ್ಯನಿಗೆ ಒಳಗೊಳಗೇ ಹೆಮ್ಮೆಯಾಯಿತು. ಅವನು ಗೋಡೆಗೆ ಒರಗಿ ಕೂತು, ಕಣ್ಣು ಮುಚ್ಚಿ, ಕೇರಿ ಕೇರಿಯಾಗಿ ಹೇಳುತ್ತ ಹೋದ. ಅರವತ್ತರಿಂದ ಎಪ್ಪತ್ತೈದರೊಳಗಿನ ಗಂಡಸರನ್ನಷ್ಟೇ ಅವಳು ಬರೆದುಕೊಂಡಳು. ಹೇಳುತ್ತ ಹೇಳುತ್ತ ಅವನ ದನಿ ತಗ್ಗಿತು.

“ಚಿಕ್ಕಬೀರಯ್ಯ... ಅವನ್ ಬಾಯಿ ಒಂದ್ ಕಡೀಕ್ ಸೊಟ್ಟಗಾಗಿತ್ತು. ಬಟ್ಟೆ ಕಟ್ಟಿ ಸರಿ ಮಾಡಿದ್ವಿ. ಅಂಗಡಿ ಅಣ್ಣಯ್ಯಪ್ಪ... ಕಾಲು ಊದ್ಕಂಡಿತ್ತು ಕಣವ್ವ, ಚಕ್ಕಳಮಕ್ಕಳ ಕೂರ್ಸೋಕೇ ಆಗ್ಲಿಲ್ಲ, ಪೀಠ ಬಿಚ್ಚಿ ಮತ್ತೆ ಕಟ್ದೆ. ಕೆರೆ ಕೆಳಗಿನ ತಮ್ಮಯ್ಯ ಹೊಲದಾಗೆ ಎದೆ ಹಿಡ್ಕಂಡು ಕೂತೋನು ಏಳ್ಲೇ ಇಲ್ಲ...” ಅವನು ಕಣ್ಣು ಬಿಟ್ಟ. “ಮೊದ್ಲಿನ ಮುದುಕ್ರು ಹಿಂಗಿರ್ಲಿಲ್ಲವ್ವ. ಒಣಗಿ ಹಗುರಾಗಿ ಹೋಗೋರು. ನಾಕು ಜನ ಸಾಕಾಗ್ತಿತ್ತು ಹೊರೋಕೆ.”

ಶರ್ಮಿಳಾ ಬರೆದದ್ದನ್ನು ಎಣಿಸಿದಳು. “ಹದಿನೈದು ವರ್ಷದ ಹಿಂದೆ ಮೂರು ವರ್ಷದಲ್ಲಿ ಈ ವಯಸ್ಸಿನ ಗಂಡಸರು ಆರು ಜನ ತೀರಿಕೊಂಡಿದ್ದಾರೆ. ಕಳೆದ ಮೂರು ವರ್ಷದಲ್ಲಿ ಹದಿನೆಂಟು.”

“ಅದ್ರಾಗೇನೈತೆ? ಊರು ಬೆಳೆದೈತೆ. ವಯಸ್ಸಾದೋರು ಜಾಸ್ತಿ ಆಗವ್ರೆ. ಜಾಸ್ತಿ ಇದ್ರೆ ಜಾಸ್ತಿ ಸಾಯ್ತಾರೆ.”

“ಸರಿಯಾಗಿ ಕೇಳಿದಿರಿ ಮಾವ. ಅದಕ್ಕೇ ಈ ಪಟ್ಟಿ ತಂದೆ.” ಅವಳು ಎರಡನ್ನೂ ಬಿಡಿಸಿ ಅವನ ಮುಂದಿಟ್ಟಳು. “ಆಗ ಈ ವಯಸ್ಸಿನ ಗಂಡಸರು ಐವತ್ತು ಜನ ಇದ್ದರು. ವರ್ಷಕ್ಕೆ ಎರಡು ಸಾವು. ಅಂದರೆ ನೂರು ಜನಕ್ಕೆ ನಾಲ್ಕು. ಈಗ ಎಪ್ಪತ್ತೈದು ಜನ ಇದ್ದಾರೆ, ವರ್ಷಕ್ಕೆ ಆರು. ನೂರಕ್ಕೆ ಎಂಟು. ನೀವು ಹೇಳಿದ ಹಾಗೆ ಜನ ಹೆಚ್ಚಾದ್ದನ್ನ ಲೆಕ್ಕದಲ್ಲಿ ತೆಗೆದುಕೊಂಡ ಮೇಲೂ ಒಂದಕ್ಕೆ ಎರಡಾಗಿದೆ. ಬರೀ ಹೆಣ ಎಣಿಸಿದರೆ ಮೂರು ಪಟ್ಟು ಅಂತ ಗಾಬರಿಯಾಗಬೇಕಿತ್ತು. ಬದುಕಿರೋರ ಜೊತೆ ಸೇರಿಸಿ ಎಣಿಸಿದರೆ ನಿಜ ಎಷ್ಟೋ ಅಷ್ಟು ಕಾಣುತ್ತೆ.”

“ಕೊರೊನಾ ಬಂದಿತ್ತಲ್ಲವ್ವ.”

“ಆ ವರ್ಷಗಳನ್ನ ಬಿಟ್ಟು ಲೆಕ್ಕ ಹಾಕಿದ್ದೀನಿ. ಅದು ಮುಗಿದ ಮೇಲಿನ ಮೂರು ವರ್ಷ ಇದು. ಒಂದೇ ವರ್ಷ ನೋಡಿದರೆ ಏರುಪೇರು ಇರುತ್ತೆ ಅಂತ ಮೂರು ವರ್ಷ ಹಿಡಿದೆ.”

ಕರಿಬಸವಯ್ಯ ಪಟ್ಟು ಬಿಡಲಿಲ್ಲ. “ಈಗಿನ ನೀರು, ಈಗಿನ ಗೊಬ್ಬರ, ಈಗಿನ ಅನ್ನ. ಎಲ್ಲಾ ವಿಷ. ಯಾರೇನ್ ಮಾಡೋಕಾಯ್ತದೆ?”

“ಅದೇ ನೀರು ಹೆಂಗಸರೂ ಕುಡೀತಾರಲ್ಲ ಮಾವ. ಅದೇ ರಾಗಿ, ಅದೇ ಉಪ್ಪು. ಅವರದ್ದೂ ಲೆಕ್ಕ ತೆಗೆದೆ. ಆಗ ನೂರಕ್ಕೆ ನಾಲ್ಕಿತ್ತು. ಈಗ ಎರಡೂವರೆ. ಅವರದು ಇಳಿದಿದೆ, ನಿಮ್ಮದು ಏರಿದೆ.” ಅವಳು ನೋಟುಬುಕ್ಕಿನ ಹೆಸರುಗಳ ಮೇಲೆ ಬೆರಳಿಟ್ಟಳು. “ಎಲ್ಲಾ ಸಾವಿಗೂ ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಬೀಡಿ ಇದೆ, ಕುಡಿತ ಇದೆ, ಸಕ್ಕರೆ ಕಾಯಿಲೆ ಇದೆ. ಆದರೆ ಈ ಹದಿನೆಂಟರಲ್ಲಿ ಹನ್ನೊಂದು ಲಕ್ವ, ಎದೆನೋವು, ಇಲ್ಲ ಮೂತ್ರಪಿಂಡ ಕೆಟ್ಟಿದ್ದು. ಆ ಹನ್ನೊಂದು ಜನರಲ್ಲಿ ಒಬ್ಬರೂ ನನ್ನ ಜಗಲಿ ಹತ್ತಿರಲಿಲ್ಲ. ಹೆಂಗಸರು ಹತ್ತಿದರು, ಮಾತ್ರೆ ನುಂಗಿದರು, ಬದುಕಿದರು.”

“ಎಳನೀರು ಕುಡಿದ್ರೆ ಇಳಿಯಲ್ವ?” ಎಂದು ಕರಿಬಸವಯ್ಯ ಕೇಳಿದ.

“ಎಳನೀರು ಬಾಯಾರಿಕೆಗೆ ಮಾವ. ಮಾತ್ರೆಯ ಕೆಲಸ ಮಾತ್ರೆಯೇ ಮಾಡಬೇಕು. ತಲೆ ಸುತ್ತಲಿ, ಆಗ ನೋಡೋಣ ಅಂತ ಕಾಯ್ತಾರಲ್ಲ, ಅವರ ಮನೆಗೇ ನೀವು ಬಿದಿರು ಹೊತ್ತುಕೊಂಡು ಹೋಗಿರೋದು.”

ಅವಳು ಹೊರಟುಹೋದ ಮೇಲೆ ಅವನ ಮನಸ್ಸು ಭಾವನ ಕಡೆಗೇ ಹರಿಯಿತು. ಭಾವನಿಗೆ ಹೇಳಬೇಕು. ಈಗಲೇ ಹೋಗಿ, ‘ನಾನು ಆಡಿದ್ದು ತಪ್ಪು, ಆ ಮಾತ್ರೆ ನುಂಗಿ’ ಎನ್ನಬೇಕು. ಎದ್ದು ಚಪ್ಪಲಿ ಮೆಟ್ಟಿ ಬೀದಿಯ ತಿರುವಿನವರೆಗೂ ಬಂದ. ಅಲ್ಲಿಂದಲೇ ಭಾವನ ಅಂಗಳದಲ್ಲಿ ಅದೇ ನಾಲ್ಕಾರು ಜನ ಕೂತಿರುವುದು ಕಾಣಿಸಿತು. ಅಂದು ತನ್ನ ಮಾತಿಗೆ ನಕ್ಕವರು ಅವರು. ಅವರ ಮುಂದೆ ಮಾತು ತಿರುಗಿಸಿದರೆ ಏನೆಂದಾರು? ‘ಬಸವಯ್ಯನೂ ಸಂಘಕ್ಕೆ ಸೇರಿದನೇನ್ಲಾ’ ಎನ್ನುವುದಿಲ್ಲವೇ? ನಾಳೆ ಭಾವ ಒಬ್ಬನೇ ಸಿಕ್ಕಾಗ ಹೇಳಿದರಾಯಿತೆಂದು ಹಿಂದಿರುಗಿದ.

ಓದುಗರೇ, ಅಜ್ಞಾನದಿಂದ ಆಡಿದ ಮಾತಿಗೆ ಕ್ಷಮೆಯುಂಟು. ತಿಳಿದ ಮೇಲೂ ಮುಚ್ಚಿಕೊಂಡ ಬಾಯಿಗೆ ಯಾವ ಕ್ಷಮೆಯಿದೆ? ಬುಧವಾರ ಭಾವ ಅರಸೀಕೆರೆಗೆ ಹೋಗಿದ್ದ. ಗುರುವಾರ ಮನೆಯಲ್ಲಿ ನೆಂಟರಿದ್ದರು. ಶುಕ್ರವಾರ ತೋಟದ ದಾರಿಯಲ್ಲಿ ಒಬ್ಬನೇ ಎದುರಾದ, “ಏನಯ್ಯ, ಮುಖ ಬಾಡೈತೆ?” ಎಂದು ತಾನಾಗಿಯೇ ವಿಚಾರಿಸಿದ. “ಏನಿಲ್ಲ ಭಾವ,” ಎಂದು ಕರಿಬಸವಯ್ಯ ಮುಂದೆ ನಡೆದ. ಅರ್ಧ ನಿಮಿಷದ ಮಾತನ್ನು ಒಬ್ಬ ಮನುಷ್ಯ ತನ್ನ ಮರ್ಯಾದೆಯ ಆಸೆಗೆ ನುಂಗಿಕೊಂಡ.

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಜಯದೇವಪ್ಪ ಅಂಗಳದಲ್ಲಿ ನಿಂತು ಮಗ ಚಿದಂಬರನಿಗೆ ಏನನ್ನೋ ಹೇಳುತ್ತಿದ್ದವನು ಮಾತು ತೊದಲಿದ. ಬಲಗೈಯಲ್ಲಿದ್ದ ಚೊಂಬು ಬಿತ್ತು. ಬಾಯಿ ಒಂದು ಬದಿಗೆ ಎಳೆದುಕೊಂಡಿತು. ಅವನು ನಿಂತಲ್ಲೇ ಕುಸಿದ. ಕೂಗು ಕೇಳಿ ಊರು ಸೇರಿತು. ಕರಿಬಸವಯ್ಯ ಓಡಿ ಬಂದ. ಶರ್ಮಿಳಾ ಊರಿನಲ್ಲಿರಲಿಲ್ಲ, ಗಂಡಸಿಯಲ್ಲಿ ಸಭೆಯೆಂದು ಮೊದಲ ಬಸ್ಸಿಗೇ ಹೋಗಿದ್ದಳು.

“ಲಕ್ವ ಕಣ್ರಪ್ಪ,” ಎಂದರು ಹಿರಿಯರೊಬ್ಬರು. “ಆಸ್ಪತ್ರೆಗೆ ಹೋದ್ರೆ ಸೂಜಿ ಚುಚ್ತಾರೆ, ಕೈಕಾಲು ಪೂರ್ತಿ ಹೋಯ್ತದೆ. ಹಳೇಬೀಡು ದಾಟಿ ಬೇಲೂರ್ ಕಡೆ ಎಣ್ಣೆ ತಿಕ್ಕೋರು ಒಬ್ರವ್ರೆ. ಅಲ್ಲಿಗೇ ನಡೀರಿ.”

ಚಿದಂಬರ ಫೋನು ಹಿಡಿದು ನಿಂತಿದ್ದ. ನಲವತ್ತೊಂದು ವರ್ಷದ ಆ ಮಗ ಸೋದರಮಾವನ ಕಡೆ ತಿರುಗಿದ. “ಮಾವ, ನೂರಾ ಎಂಟಕ್ಕೆ ಮಾಡ್ಲಾ? ಅರಸೀಕೆರೆ ಅರ್ಧ ಗಂಟೆ. ಏನ್ಮಾಡ್ಲಿ, ನೀವೇ ಹೇಳಿ.”

ಎಲ್ಲರೂ ಕರಿಬಸವಯ್ಯನ ಮುಖ ನೋಡಿದರು. ಅವನಿಗೆ ಗೊತ್ತಿತ್ತು. ಮಂಗಳವಾರದ ಆ ಹನ್ನೊಂದು ಹೆಸರುಗಳು ಅವನ ತಲೆಯೊಳಗೆ ಕೂಗುತ್ತಿದ್ದವು. ಆದರೂ ಬಾಯಿಗೆ ಬಂದದ್ದು ಇಷ್ಟು: “ಹಿರೀಕ್ರು ಹೇಳ್ದಂಗೆ ಮಾಡಪ್ಪ.”

ಕಾರು ಪಡುವಣ ದಿಕ್ಕಿಗೆ ಓಡಿತು. ಶನಿವಾರವಾದ್ದರಿಂದ ಹಳೇಬೀಡಿನ ಗುಡಿಯ ಮುಂದೆ ಪ್ರವಾಸಿಗರ ಬಸ್ಸುಗಳು ರಸ್ತೆ ತುಂಬಿದ್ದವು. ಬಸ್ತಿಹಳ್ಳಿ ದಾಟುವ ಹೊತ್ತಿಗೆ ಜಯದೇವಪ್ಪನ ಕಣ್ಣು ಅರೆಮುಚ್ಚಿತ್ತು. ಎಣ್ಣೆ ತಿಕ್ಕುವವನ ಮನೆಯ ಮುಂದೆ ಹನ್ನೆರಡು ಜನ ಕಾಯುತ್ತಿದ್ದರು. ಸರದಿ ಬಂದಾಗ ಮಧ್ಯಾಹ್ನ ಒಂದು ಗಂಟೆ. ಎಣ್ಣೆ ತಿಕ್ಕುತ್ತಿದ್ದಂತೆಯೇ ಜಯದೇವಪ್ಪ ವಾಂತಿ ಮಾಡಿಕೊಂಡು ಪ್ರಜ್ಞೆ ತಪ್ಪಿದ. “ಇದು ನನ್ ಕೈಲಾಗಲ್ಲ,” ಎಂದು ತಿಕ್ಕುವವನು ಕೈ ತೊಳೆದುಕೊಂಡು ಒಳಗೆ ಹೋದ.

ಹಾಸನದ ಆಸ್ಪತ್ರೆ ತಲುಪುವಾಗ ನಾಲ್ಕಾಗಿತ್ತು. ವೈದ್ಯೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ತಲೆಯ ಚಿತ್ರ ತೆಗೆಸಿ ನೋಡಿ ಹೊರಗೆ ಬಂದಳು.

“ಎಷ್ಟು ಗಂಟೆಗೆ ಶುರುವಾಯಿತು?”

“ಬೆಳಗ್ಗೆ ಎಂಟಕ್ಕೆ,” ಎಂದ ಚಿದಂಬರ.

ಅವಳು ಗೋಡೆಯ ಗಡಿಯಾರ ನೋಡಿದಳು. “ಮೆದುಳಿನ ರಕ್ತನಾಳ ಕಟ್ಟಿಕೊಂಡಿದೆ. ನಾಲ್ಕೂವರೆ ಗಂಟೆಯೊಳಗೆ ಬಂದಿದ್ದರೆ ಅದನ್ನು ಬಿಡಿಸುವ ಔಷಧಿ ಕೊಟ್ಟು ನೋಡಬಹುದಿತ್ತು. ಈಗ ಎಂಟು ಗಂಟೆ ಕಳೆದಿದೆ. ಬಿ.ಪಿ. ಇತ್ತಾ? ಮಾತ್ರೆ ತಗೋತಿದ್ದರಾ?”

“ದಿನಾ ತಗೋತಿದ್ರು ತಾಯಿ,” ಎಂದಳು ಶಿವಗಂಗಮ್ಮ. “ಒಂದು ದಿನಾನೂ ತಪ್ಪಿಸಿಲ್ಲ. ನಾನೇ ಕೇಳ್ತಿದ್ದೆ.”

“ಇಲ್ಲ,” ಎಂದ ಕರಿಬಸವಯ್ಯ. “ಬಿಟ್ಟಿದ್ರು. ಎರಡ್ ತಿಂಗ್ಳಾಯ್ತು.”

ಶಿವಗಂಗಮ್ಮ ತಮ್ಮನ ಕಡೆ ತಿರುಗಿದಳು.

“ನಿಂಗೆಂಗ್ ಗೊತ್ತು?”

ಅವಳು ಅವನ ತೋಳು ಹಿಡಿದಳು.

“ಬಸವ, ನಿಂಗೆಂಗ್ಲಾ ಗೊತ್ತು?”

“ನಾನೇ ಬಿಡ್ಸಿದ್ದು ಅಕ್ಕ. ತಮಾಷೆಗೆ ಅಂದೆ. ಎಳನೀರು ಕುಡೀರಿ ಅಂದೆ.” ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. “ಮಂಗಳವಾರನೇ ಗೊತ್ತಾಯ್ತು, ತಪ್ಪು ಅಂತ. ಹೇಳಾಣ ಅಂತ ಬಂದೆ. ಅವರೆಲ್ಲ ಕೂತಿದ್ರು. ಹೇಳ್ಲಿಲ್ಲ.”

ಅವಳು ಬಯ್ಯಲಿಲ್ಲ, ಹೊಡೆಯಲಿಲ್ಲ. ಹುಟ್ಟಿದಂದಿನಿಂದ ಕಂಡಿದ್ದ ತಮ್ಮನನ್ನು ಅಪರಿಚಿತನನ್ನು ನೋಡುವಂತೆ ನೋಡಿ, ಒಳಗೆ ಹೋಗಿ ಗಂಡನ ಹಾಸಿಗೆಯ ಬದಿಯಲ್ಲಿ ಕೂತಳು.

ಐದನೆಯ ದಿನ ಜಯದೇವಪ್ಪ ತೀರಿಕೊಂಡ.

ಹೆಣ ಅಂಗಳಕ್ಕೆ ಬಂದಾಗ ಕರಿಬಸವಯ್ಯ ಬಿದಿರಿನ ಮುಂದೆ ಕೂತಿದ್ದ. ಕತ್ತಿಯನ್ನು ಕೈಗೆತ್ತಿಕೊಂಡವನು ಮತ್ತೆ ಕೆಳಗಿಟ್ಟ. “ಬೇರೆ ಯಾರಾದ್ರೂ ಕಟ್ಲಿ,” ಎಂದ ಯಾರೊಂದಿಗೋ. ಆ ಮಾತು ಶಿವಗಂಗಮ್ಮನ ಕಿವಿಗೆ ಬಿತ್ತು. ಅವಳು ಹೆಂಗಸರ ನಡುವಿನಿಂದ ಎದ್ದು ಬಂದು ಅವನ ಎದುರು ನಿಂತಳು.

“ನೀನೇ ಕಟ್ಟು. ಯಾರ್ಗೂ ಕೊಡಬ್ಯಾಡ. ಒಂದೊಂದ್ ಗಂಟೂ ನೀನೇ ಹಾಕು.”

ಅವನು ಕಟ್ಟಿದ. ಹಗ್ಗದ ಪ್ರತಿಯೊಂದು ಗಂಟನ್ನೂ ತಾನೇ ಬಿಗಿದ. ಹೂವಿನ ಸರ ಕಟ್ಟುವಾಗ, ಆಸ್ಪತ್ರೆ ಬೇಡವೆಂದಿದ್ದ ಅದೇ ಹಿರಿಯರು ಅಭ್ಯಾಸಬಲದಿಂದ ಹೇಳಿದರು: “ಏನ್ಮಾಡೋದು ತಾಯಿ, ವಯಸ್ಸಾಗಿತ್ತು. ಶಿವನ ಪಾದ ಸೇರ್ದ.”

“ಅರವತ್ತೇಳು,” ಎಂದಳು ಶಿವಗಂಗಮ್ಮ. ಅವಳ ದನಿಗೆ ಅಳುತ್ತಿದ್ದವರೂ ತಲೆಯೆತ್ತಿದರು. “ನಮ್ ಮಾವ ತೊಂಬತ್ತು ಬದುಕಿದ್ರು. ಇದೇ ಮನೇಲಿ, ಇದೇ ನೀರ್ ಕುಡ್ದು. ವಯಸ್ಸು ಕೊಂದಿಲ್ಲ ಇವರ್ನ. ನಿಮ್ ನಗು ಕೊಂದೈತೆ. ನಿಮ್ ಬುದ್ಧಿವಾದ ಕೊಂದೈತೆ. ಇವತ್ತು ಇವರ್ನ, ನಾಳೆ ನಿಮ್ಮನ್ನ.”

ಶರ್ಮಿಳಾ ಕಂಬಕ್ಕೆ ಒರಗಿ ಅಳುತ್ತ ನಿಂತಿದ್ದಳು. ಕರಿಬಸವಯ್ಯ ಅವಳ ಕಡೆ ನೋಡದೆಯೇ ಹೇಳಿದ: “ಹತ್ತೊಂಬತ್ತು ಅಂತ ಬರ್ಕಳವ್ವ.”

ಹನ್ನೊಂದನೆಯ ದಿನದ ಗಣಾರಾಧನೆ ಮುಗಿದ ಮೇಲಿನ ಗುರುವಾರ, ಅಂಗನವಾಡಿಯ ಜಗಲಿಗೆ ಶಿವಗಂಗಮ್ಮ ಮಗನನ್ನು ಕರೆದುಕೊಂಡು ಬಂದಳು. ಚಿದಂಬರನ ಒತ್ತಡ ನೂರಾ ಐವತ್ತೆರಡು. ಅವನಿಗೆ ಅದುವರೆಗೆ ಏನೂ ಗೊತ್ತಿರಲಿಲ್ಲ. ಅವನ ಹಿಂದೆ, ಸೆರಗುಗಳ ನಡುವೆ ತಲೆ ತಗ್ಗಿಸಿ ಕರಿಬಸವಯ್ಯ ಕೂತಿದ್ದ. ಅಕ್ಕ ಅವನೊಂದಿಗೆ ಮಾತಾಡಲಿಲ್ಲ, ಎದ್ದು ಹೋಗೆಂದೂ ಹೇಳಲಿಲ್ಲ. ಅವನದು ನೂರಾ ಎಪ್ಪತ್ತೆಂಟು. ಇಬ್ಬರೂ ವೈದ್ಯರನ್ನು ಕಂಡು ಬಂದರು. ಕರಿಬಸವಯ್ಯ ಅಂದಿನಿಂದ ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ. ಊಟದ ಮುಂಚೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡುತ್ತಾನೆ, ಆಮೇಲೆ ನುಂಗುತ್ತಾನೆ.

ಇಷ್ಟಕ್ಕೆ ಊರು ಬದಲಾಯಿತೆಂದು ಬರೆಯಲು ನನಗೂ ಆಸೆಯಿದೆ. ಸುಳ್ಳು ಬರೆಯಲಾರೆ. ಶರ್ಮಿಳಾ ಲೆಕ್ಕ ಹಾಕಿದ್ದ ಆ ಎಪ್ಪತ್ತೈದು ಗಂಡಸರಲ್ಲಿ ಆ ಗುರುವಾರ ಜಗಲಿ ಹತ್ತಿದವರು ಐದು ಜನ. ಮುಂದಿನ ಗುರುವಾರ ಏಳು. ಅರಳಿಕಟ್ಟೆಯ ಮೇಲೆ ಕೂತವರು ಈಗಲೂ ಅವರನ್ನು ಕಂಡು ನಗುತ್ತಾರೆ. ಕರಿಬಸವಯ್ಯ ಕಟ್ಟೆಗೇ ಹೋಗಿ, ಎದುರು ನಿಂತು, ತಾನು ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಕೆಲವರು ಕೇಳುತ್ತಾರೆ. ಕೆಲವರು, “ಭಾವ ಸತ್ತ್ ಮ್ಯಾಕೆ ಇವನ್ಗೆ ತಲೆ ಕೆಟ್ಟೈತೆ” ಎನ್ನುತ್ತಾರೆ. ಮೂರು ತಿಂಗಳಲ್ಲಿ ಅವನು ಮತ್ತೆ ಎರಡು ವಿಮಾನ ಕಟ್ಟಿದ. ಇಬ್ಬರೂ ಕಟ್ಟೆಯವರೇ.

ಕೆಂಗಲ್ಲಾಪುರ ಕಥೆಯ ಊರು, ಅದರ ಅಂಕಿಗಳೂ ಕಥೆಯವೇ. ನಿಮ್ಮ ಊರಿನ ಅಂಕಿ ನಿಮ್ಮ ಕೈಯಲ್ಲಿದೆ. ಹಳೆಯ ಮತದಾರರ ಪಟ್ಟಿಯನ್ನೂ ಈಗಿನದನ್ನೂ ಪಕ್ಕಪಕ್ಕದಲ್ಲಿಟ್ಟು, ಅರವತ್ತು ದಾಟಿದ ಗಂಡಸರು ಆಗ ನೂರಕ್ಕೆ ಎಷ್ಟು ಮಂದಿ ಹೋದರು, ಈಗ ಎಷ್ಟು ಮಂದಿ ಹೋಗುತ್ತಿದ್ದಾರೆ ಎಂದು ನಿಮ್ಮ ಸಂಘದಲ್ಲಿ ಕೂತು ಲೆಕ್ಕ ಹಾಕಿರಿ. ಯಾರಾದರೂ ತೀರಿಕೊಂಡರೆ ನಿಜವಾದ ಕಾರಣವನ್ನೇ ಪಂಚಾಯಿತಿಯಲ್ಲಿ ಬರೆಸಿರಿ. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಯಾವ ಹಿರಿಯರ ಅಪ್ಪಣೆಗೂ ಕಾಯದೆ ನೂರಾ ಎಂಟಕ್ಕೆ ಕರೆ ಮಾಡಿರಿ. ವೈದ್ಯರು ಕೊಟ್ಟ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸದಿರಿ, ಇನ್ನೊಬ್ಬರಿಗೂ ನಿಲ್ಲಿಸಲು ಹೇಳದಿರಿ.

ಇವೆಲ್ಲಕ್ಕೂ ಮೊದಲು, ಈ ಹಾಳೆಯನ್ನು ಮಡಿಸಿ ಕೆಳಗಿಡಿ. ನಿಮ್ಮ ಮನೆಯಲ್ಲಿ, ಇಲ್ಲವೇ ಪಕ್ಕದ ಮನೆಯಲ್ಲಿ, ತನಗೇನೂ ಆಗಿಲ್ಲವೆಂದು ಹೇಳುತ್ತ ಕೂತಿರುವ ಒಬ್ಬ ಗಂಡಸಿದ್ದಾನೆ. ತಂದೆಯೋ, ಭಾವನೋ, ನೆರೆಯವನೋ, ಯಾರಾದರೂ ಇರಲಿ. ಅವನ ಎದುರು ನಾಲ್ಕು ಜನ ಕೂತಿದ್ದರೂ, ಅವರು ನಕ್ಕರೂ, ಇವತ್ತೇ ಅವನ ಕೈ ಹಿಡಿದು ಎಬ್ಬಿಸಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.